ಇನ್ಸುಲಿನ್ ಸೂಜಿ ಬಿಡುವ ಕಾಲ ಬಂತಾ? ನ್ಯಾನೋ ಔಷಧ ಎಲ್ಲಿಯವರೆಗೆ ಬಂದಿದೆ

‘ಇನ್ಸುಲಿನ್ ಸೂಜಿಗೆ ವಿದಾಯ’, ‘ನ್ಯಾನೋ ಕಣದಿಂದ ಮಧುಮೇಹ ಮಾಯ’. ಇಂಥ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಒಮ್ಮೆ ಆಸ್ಟ್ರೇಲಿಯಾದಿಂದ, ಒಮ್ಮೆ ಅಮೆರಿಕದಿಂದ, ಇನ್ನೊಮ್ಮೆ ನಮ್ಮ ಮೈಸೂರಿನ ಲ್ಯಾಬ್‌ನಿಂದಲೇ ಸುದ್ದಿ ಬರುತ್ತದೆ. ಬಂದ ಗಂಟೆಯೊಳಗೆ ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಡಾಡುತ್ತದೆ. ಹತ್ತಾರು ವರ್ಷದಿಂದ ದಿನಕ್ಕೆ ಎರಡು ಸಲ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿರುವ ಮಂಡ್ಯದ ಒಬ್ಬ ಅಜ್ಜಿ ಇದನ್ನು ಕೇಳಿದರೆ, ‘ಮೆಡಿಕಲ್ ಸ್ಟೋರಿಗೆ ಯಾವಾಗ ಬರುತ್ತಂತೆ?’ ಎಂದೇ ಮೊದಲು ಕೇಳುತ್ತಾರೆ. ಸುದ್ದಿಯಲ್ಲಿ ಆ ಒಂದು ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಉತ್ತರ ಮೊದಲೇ ಹೇಳಿಬಿಡೋಣ. ಒಪ್ಪಿಗೆ ಪಡೆದ ನ್ಯಾನೋ ಕಣದ ಇನ್ಸುಲಿನ್ ಮಾತ್ರೆ ಸದ್ಯಕ್ಕೆ ಯಾವ ಮೆಡಿಕಲ್ ಸ್ಟೋರಿನಲ್ಲೂ ಇಲ್ಲ. ಹಾಗಂತ ಸುದ್ದಿಗಳೆಲ್ಲ ಸುಳ್ಳೂ ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಬಗೆಯ ಸಂಶೋಧನೆಗೆ ‘ನ್ಯಾನೋ’ ಎಂಬ ಒಂದೇ ಹೆಸರು ಅಂಟಿಕೊಂಡಿದೆ. ಗೊಂದಲ ಹುಟ್ಟುವುದು ಅಲ್ಲೇ.

ಇದನ್ನು ಬಿಡಿಸಿ ನೋಡಬೇಕಾದ ತುರ್ತು ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನಲ್ಲಿ ನಡೆದ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಕಾಯಿಲೆ ಇಷ್ಟು ಮನೆಗಳಲ್ಲಿ ಇರುವಾಗ, ಸುದ್ದಿ ನಂಬಿ ಯಾರಾದರೂ ಇನ್ಸುಲಿನ್ ನಿಲ್ಲಿಸಿಬಿಟ್ಟರೆ ಜೀವಕ್ಕೇ ಅಪಾಯ.

ನ್ಯಾನೋ ಅಂದರೆ ಗಾಡಿ, ಸರಕಲ್ಲ

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರ್. ಔಷಧ ಹೊರುವ ಕಣಗಳು ಸಾಮಾನ್ಯವಾಗಿ ಕೆಲವು ಹತ್ತರಿಂದ ಕೆಲವು ನೂರು ನ್ಯಾನೋಮೀಟರ್ ಒಳಗಿರುತ್ತವೆ. ಮಂಡ್ಯ ಕಡೆಯ ರೈತರಿಗೆ ಈ ಪದ ಹೊಸದೇನಲ್ಲ. ಸೊಸೈಟಿಯಲ್ಲಿ ಸಿಗುವ ಅರ್ಧ ಲೀಟರ್ ನ್ಯಾನೋ ಯೂರಿಯಾ ಬಾಟಲಿಯಿಂದ ಅದು ಹೊಲಕ್ಕೂ ಬಂದಿದೆ.

ಔಷಧದ ವಿಷಯದಲ್ಲಿ ಒಂದು ಮಾತು ನೆನಪಿಟ್ಟರೆ ಅರ್ಧ ಗೊಂದಲ ಕರಗುತ್ತದೆ. ನ್ಯಾನೋ ಕಣ ಹೆಚ್ಚಿನ ಸಲ ಔಷಧವೇ ಅಲ್ಲ, ಔಷಧವನ್ನು ಸಾಗಿಸುವ ಗಾಡಿ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹಿಂದೆಯೇ ಬ್ಲ್ಯಾಕ್ ಫಂಗಸ್ ಬಂತಲ್ಲ, ಅದು ಜಾಸ್ತಿ ಕಾಡಿದ್ದು ಶುಗರ್ ಇದ್ದವರನ್ನೇ. ಆಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಜನ ಅಲೆದದ್ದು ಲೈಪೊಸೋಮಲ್ ಆಂಫೊಟೆರಿಸಿನ್ ಎಂಬ ಇಂಜೆಕ್ಷನ್‌ಗಾಗಿ. ಆಂಫೊಟೆರಿಸಿನ್ ಹಳೆಯ ಔಷಧ. ಫಂಗಸ್ ಕೊಲ್ಲುತ್ತದೆ, ಜೊತೆಗೆ ಕಿಡ್ನಿಯನ್ನೂ ಕೆಡಿಸುತ್ತದೆ. ಅದನ್ನೇ 100 ನ್ಯಾನೋಮೀಟರ್‌ಗಿಂತ ಚಿಕ್ಕ ಕೊಬ್ಬಿನ ಗುಳ್ಳೆಯೊಳಗೆ ಕೂರಿಸಿದಾಗ ಕಿಡ್ನಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಸರಕು ಅದೇ, ಗಾಡಿ ಬೇರೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಕೆಲಸ ಮಾಡಿದ್ದೂ ಇಂಥದ್ದೇ ಕೊಬ್ಬಿನ ಕಣಗಳಲ್ಲಿ ಕೂತು.

ಅಂದರೆ ನ್ಯಾನೋ ಔಷಧ ಕಟ್ಟುಕತೆಯಲ್ಲ. ಹಾಗಿದ್ದರೆ ಇನ್ಸುಲಿನ್ ವಿಷಯದಲ್ಲಿ ಮಾತ್ರ ಇಷ್ಟು ತಡ ಯಾಕೆ?

ಇನ್ಸುಲಿನ್ ನುಂಗಿದರೆ ಏನಾಗುತ್ತದೆ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾಯಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದನ್ನು ಬಾಯಿಯ ಮೂಲಕ ಕೊಡುವ ಪ್ರಯತ್ನವೂ ಬಹುತೇಕ ಅಷ್ಟೇ ಹಳೆಯದು. ನೂರು ವರ್ಷ ದಾಟಿದರೂ ಅದು ಕೈಗೂಡಿಲ್ಲ. ಕಾರಣ ನಮ್ಮ ಹೊಟ್ಟೆಯ ಒಳಗೇ ಇದೆ.

ಇನ್ಸುಲಿನ್ ಒಂದು ಪ್ರೋಟೀನು. 51 ಅಮೈನೋ ಆಮ್ಲಗಳ ಸರಪಳಿ. ಹೊಟ್ಟೆಗೆ ಅದಕ್ಕೂ ಸಾರಿನ ಬೇಳೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಜಠರದ ಆಮ್ಲ ಅದರ ಆಕಾರ ಕೆಡಿಸುತ್ತದೆ. ಪೆಪ್ಸಿನ್ ಎಂಬ ಜೀರ್ಣಕಿಣ್ವ ಕತ್ತರಿಸಲು ಶುರು ಮಾಡುತ್ತದೆ. ಉಳಿದದ್ದನ್ನು ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್‌ನಂಥ ಕಿಣ್ವಗಳು ಚೂರು ಮಾಡುತ್ತವೆ. ಅಲ್ಲೂ ಬಚಾವಾದದ್ದು ಕರುಳಿನ ಗೋಡೆಯ ಹತ್ತಿರ ಹೋದರೆ ಎದುರಿಗೆ ಲೋಳೆಯ ಪದರ. ಆ ಪದರ ಸುಮ್ನೆ ನಿಂತಿರುವುದಿಲ್ಲ. ಹಳೆಯದು ಕಳಚಿ ಹೋಗುತ್ತಾ, ಹೊಸದು ಬರುತ್ತಾ ಇರುತ್ತದೆ, ಸಿಕ್ಕಿಕೊಂಡ ಕಣವನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಲೋಳೆ ದಾಟಿದರೆ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡ ಜೀವಕೋಶಗಳ ಗೋಡೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನಂಥ ಪುಟ್ಟ ಅಣು ಈ ಗೋಡೆ ದಾಟಬಲ್ಲದು. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಇನ್ಸುಲಿನ್‌ಗೆ ಆಗುವುದಿಲ್ಲ. ಬರೀ ಇನ್ಸುಲಿನ್ ನುಂಗಿದರೆ ರಕ್ತ ತಲುಪುವುದು ನೂರರಲ್ಲಿ ಒಂದೆರಡು ಪಾಲೂ ಇರುವುದಿಲ್ಲ.

ನ್ಯಾನೋ ಕಣದ ಆಸೆ ಹುಟ್ಟಿದ್ದು ಈ ಒಂದೊಂದು ಅಡ್ಡಿಗೂ ಒಂದೊಂದು ಉಪಾಯ ಹುಡುಕುತ್ತಾ. ಆಮ್ಲ ತಡೆಯಲು ಹೊರಗೊಂದು ಲೇಪ. ಕಿಣ್ವಗಳಿಂದ ಕಾಯಲು ಒಳಗೆ ಮುಚ್ಚಿದ ಗೂಡು. ಕರುಳಿನ ಬಿಗಿ ಸಂದುಗಳನ್ನು ಸ್ವಲ್ಪ ಹೊತ್ತು ಸಡಿಲಿಸಲು ಕೈಟೊಸಾನ್, ಅಂದರೆ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ವಸ್ತು.

ಬಾಯಿಯ ದಾರಿಯ ಹಿಂದೆ ಬೀಳಲು ಸೂಜಿಯ ನೋವು ಒಂದೇ ಕಾರಣವಲ್ಲ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ಬಿಡುವ ಇನ್ಸುಲಿನ್ ಮೊದಲು ಹೋಗುವುದು ಲಿವರ್‌ಗೆ. ಸುಮಾರು ಅರ್ಧದಷ್ಟು ಅಲ್ಲೇ ಬಳಕೆಯಾಗಿ ಉಳಿದದ್ದು ಮೈಗೆ ಹರಿಯುತ್ತದೆ. ಚರ್ಮದ ಕೆಳಗೆ ಚುಚ್ಚಿದಾಗ ಈ ಲೆಕ್ಕ ತಲೆಕೆಳಗು. ಮೈಗೆ ಜಾಸ್ತಿ, ಲಿವರ್‌ಗೆ ಕಮ್ಮಿ. ಕರುಳಿನಿಂದ ಹೋದ ಇನ್ಸುಲಿನ್ ಮಾತ್ರ ದೇಹದ ಸಹಜ ದಾರಿಯಲ್ಲೇ ಹೋಗುತ್ತದೆ. ವಿಜ್ಞಾನಿಗಳು ಇಷ್ಟು ಪಟ್ಟು ಹಿಡಿದಿರುವುದಕ್ಕೆ ಇದು ದೊಡ್ಡ ಕಾರಣ.

ಚಾಕೊಲೇಟಿನಲ್ಲಿ ಇನ್ಸುಲಿನ್ ತಿಂದ ಬಬೂನ್‌ಗಳು

ಈಚಿನ ಸುದ್ದಿಗಳಲ್ಲಿ ಜಾಸ್ತಿ ಹಂಚಿಹೋದದ್ದು 2024ರ ಜನವರಿಯದು. ಸಿಡ್ನಿ ವಿಶ್ವವಿದ್ಯಾಲಯ ಮತ್ತು ನಾರ್ವೆಯ ಆರ್ಕ್ಟಿಕ್ ವಿಶ್ವವಿದ್ಯಾಲಯದ ತಂಡ ‘ನೇಚರ್ ನ್ಯಾನೋಟೆಕ್ನಾಲಜಿ’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿತು. ಬೆಳ್ಳಿಯ ಸಲ್ಫೈಡಿನ ಅತಿ ಸಣ್ಣ ಕಣಗಳಿಗೆ ಇನ್ಸುಲಿನ್ ಅಂಟಿಸಿ, ಮೇಲೆ ಕೈಟೊಸಾನ್ ಮತ್ತು ಗ್ಲುಕೋಸಿನ ಪಾಲಿಮರ್ ಸೇರಿದ ಹೊದಿಕೆ ಕೊಟ್ಟಿದ್ದರು. ಹುಳು, ಇಲಿಗಳ ನಂತರ ಬಬೂನ್ ಕೋತಿಗಳ ಮೇಲೂ ಪರೀಕ್ಷೆ ನಡೆಯಿತು. ಬಬೂನ್‌ಗಳಿಗೆ ಔಷಧ ಕೊಟ್ಟದ್ದು ಸಕ್ಕರೆ ಇಲ್ಲದ ಚಾಕೊಲೇಟಿನಲ್ಲಿ ಇಟ್ಟು. ಅವುಗಳ ರಕ್ತದ ಸಕ್ಕರೆ ಶೇ 10ರ ಆಸುಪಾಸು ಇಳಿಯಿತು. ಲೋ ಶುಗರ್, ಅಂದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು, ಆಗಲಿಲ್ಲ.

ಒಳ್ಳೆಯ ಕೆಲಸವೇ. ಆದರೆ ತಲೆಬರಹದಲ್ಲಿ ಬಿಟ್ಟುಹೋದ ಸಂಗತಿಯೊಂದಿದೆ. ಆ ಬಬೂನ್‌ಗಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಅವು ಆರೋಗ್ಯವಾಗಿದ್ದವು. ಉಪವಾಸದ ಶುಗರ್ 250 ಇರುವ ಮನುಷ್ಯನಲ್ಲಿ, ದಿನಕ್ಕೆ ಮೂರು ಹೊತ್ತು ಊಟದ ನಡುವೆ, ತಿಂಗಳುಗಟ್ಟಲೆ ಅದು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಬೇರೆಯದೇ ಪ್ರಶ್ನೆ. 2025ರ ಸುಮಾರಿಗೆ ಮನುಷ್ಯರ ಮೇಲೆ ಪ್ರಯೋಗ ಶುರುಮಾಡುವ ಉದ್ದೇಶವನ್ನು ತಂಡ ಆಗಲೇ ಹೇಳಿತ್ತು. ಅಲ್ಲಿಂದ ಮಾರುಕಟ್ಟೆಯವರೆಗೆ ಮೂರು ಹಂತದ ಪರೀಕ್ಷೆಗಳಿವೆ. ಅದು ವರ್ಷಗಳ ದಾರಿ.

ಹಿಂದೆ ಹೋದವರು ಎಡವಿದ್ದು ಎಲ್ಲಿ

ಇಂಜೆಕ್ಷನ್ ಇಲ್ಲದ ಇನ್ಸುಲಿನ್‌ಗಾಗಿ ದೊಡ್ಡ ದೊಡ್ಡ ಕಂಪನಿಗಳು ಕೈಸುಟ್ಟುಕೊಂಡಿವೆ. ಮೂಗಲ್ಲ, ಬಾಯಿಯಿಂದ ಉಸಿರೆಳೆದುಕೊಳ್ಳುವ ಪುಡಿ ಇನ್ಸುಲಿನ್ ಎಕ್ಸುಬೆರಾ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಜನ ಕೊಳ್ಳದೆ 2007ರಲ್ಲೇ ಫೈಝರ್ ಅದನ್ನು ಹಿಂತೆಗೆದುಕೊಂಡಿತು. ನಮ್ಮ ಬೆಂಗಳೂರಿನ ಬಯೋಕಾನ್‌ನ ಮಾತ್ರೆ ಐಎನ್-105 ಮೂರನೇ ಹಂತದ ಪರೀಕ್ಷೆಯಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ ಎಂದು 2011ರಲ್ಲಿ ತಿಳಿಯಿತು. ಇಸ್ರೇಲಿನ ಒರಾಮೆಡ್ ಕಂಪನಿಯ ಮಾತ್ರೆಗೂ 2023ರ ಜನವರಿಯಲ್ಲಿ ಅದೇ ಗತಿಯಾಯಿತು. ನೊವೊ ನಾರ್ಡಿಸ್ಕ್ ಕಂಪನಿಯ ಮಾತ್ರೆಯದು ಇನ್ನೂ ಕಣ್ಣು ತೆರೆಸುವ ಕತೆ. ಅದು ಕೆಲಸ ಮಾಡಿತು. ದಿನದ ಇಂಜೆಕ್ಷನ್‌ಗೆ ಸರಿಸಮನಾಗಿ ಶುಗರ್ ಇಳಿಸಿತು ಎಂಬ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಆದರೂ ಕಂಪನಿ ಅದನ್ನು ಕೈಬಿಟ್ಟಿತು. ಇಂಜೆಕ್ಷನ್‌ಗೆ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇನ್ಸುಲಿನ್‌ ಅನ್ನು ಮಾತ್ರೆಗೆ ತುಂಬಬೇಕಿತ್ತು. ಅದನ್ನು ತಯಾರಿಸಿ ಮಾರುವುದು ಗಿಟ್ಟುವ ಬಾಬತ್ತಾಗಿರಲಿಲ್ಲ.

ಇವು ನ್ಯಾನೋ ಕಣಗಳಲ್ಲ, ನಿಜ. ಆದರೆ ಮಾತ್ರೆಗಳು ಎದುರಿಸಿದ ಗೋಡೆ ಮತ್ತು ಲೆಕ್ಕ ನ್ಯಾನೋ ಕಣಕ್ಕೂ ಅದೇ.

‘ಶುಗರ್‌ಗೆ ಕೊಡುವ ಸೆಮಾಗ್ಲುಟೈಡ್ ಮಾತ್ರೆ ಬಂದಿದೆಯಲ್ಲ, ಅದೂ ಪ್ರೋಟೀನಿನ ಜಾತಿಯದೇ ಅಲ್ವಾ?’ ಎಂದು ಕೇಳಬಹುದು. ಹೌದು, 2019ರಲ್ಲಿ ಬಂತು. ಅದರಲ್ಲೂ ರಕ್ತ ಸೇರುವುದು ನೂರಕ್ಕೆ ಒಂದರಷ್ಟು ಮಾತ್ರ. ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಕಾಯಬೇಕು. ಆದರೆ ಆ ಔಷಧ ಒಮ್ಮೆ ಒಳಗೆ ಹೋದರೆ ದಿನಗಟ್ಟಲೆ ಉಳಿಯುತ್ತದೆ. ಇವತ್ತು ಸ್ವಲ್ಪ ಕಮ್ಮಿ, ನಾಳೆ ಸ್ವಲ್ಪ ಜಾಸ್ತಿ ಸೇರಿದರೂ ವಾರದ ಲೆಕ್ಕದಲ್ಲಿ ಸರಿಹೋಗುತ್ತದೆ. ಇನ್ಸುಲಿನ್‌ಗೆ ಆ ಸಲಿಗೆ ಇಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಶೇ 5, ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡಾಗ ಶೇ 2, ರಾತ್ರಿ ಶೇ 10 ಹೀರಿಕೊಂಡಿತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮಾತ್ರೆ ಒಂದೇ, ಡೋಸು ಮಾತ್ರ ಐದು ಪಟ್ಟು ಏರುಪೇರು. ಆ ರಾತ್ರಿ ನಿದ್ದೆಯಲ್ಲೇ ಶುಗರ್ ಕುಸಿಯಬಹುದು. ನ್ಯಾನೋ ಇನ್ಸುಲಿನ್ ಗೆಲ್ಲುವುದು ಸೋಲುವುದು ಶುಗರ್ ಎಷ್ಟು ಇಳಿಸಿತು ಎಂಬುದರ ಮೇಲಲ್ಲ, ದಿನಾ ಒಂದೇ ಥರ ಇಳಿಸುತ್ತದಾ ಎಂಬುದರ ಮೇಲೆ. ಈ ಅಂಕಿ ಇಲ್ಲದ ಸುದ್ದಿ ಅರ್ಧ ಸುದ್ದಿ.

ಸಕ್ಕರೆ ನೋಡಿ ಬಾಗಿಲು ತೆರೆಯುವ ಕಣ

ಲೋ ಶುಗರ್ ಭಯವನ್ನೇ ಗುರಿಯಾಗಿಟ್ಟುಕೊಂಡ ಇನ್ನೊಂದು ಸಂಶೋಧನೆ ಇದೆ. ಕಬ್ಬು ಕಡಿಯುವ ಕೆಲಸ ಅಥವಾ ಆಲೆಮನೆಯ ಕೆಲಸ ಮಾಡುವವರ ದಿನ ನೋಡಿ. ಬೆಳಗ್ಗೆ ಇನ್ಸುಲಿನ್ ತಗೊಂಡು ಗದ್ದೆಗೆ ಇಳಿದರೆ ಊಟ ಹನ್ನೆರಡಕ್ಕೂ ಆಗಬಹುದು, ಮೂರಕ್ಕೂ ಆಗಬಹುದು. ಮೈಬಗ್ಗಿಸಿ ದುಡಿದಷ್ಟೂ ಸಕ್ಕರೆ ಕರಗುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ಗೆ ಇದ್ಯಾವುದೂ ತಿಳಿಯದು, ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಬೆವರು, ಕೈನಡುಕ, ಕಣ್ಣು ಕತ್ತಲೆ. ಆಗ ಸೊಂಟದಲ್ಲಿ ಕಟ್ಟಿಕೊಂಡ ಬೆಲ್ಲದ ಚೂರೇ ಗತಿ.

ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಬಿಡುವ ಕಣ ಇದ್ದರೆ? ಅದರ ಕೆಲಸ ಹೀಗೆ. ಕಣದೊಳಗೆ ಇನ್ಸುಲಿನ್ ಜೊತೆ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಇಡುತ್ತಾರೆ. ಸಕ್ಕರೆ ಜಾಸ್ತಿ ಒಳಬಂದಾಗ ಕಿಣ್ವ ಅದನ್ನು ಆಮ್ಲ ಮಾಡುತ್ತದೆ. ಹುಳಿಗೆ ಕಣದ ಗೋಡೆ ಕರಗುತ್ತದೆ, ಇನ್ಸುಲಿನ್ ಹೊರಬರುತ್ತದೆ. ಸಕ್ಕರೆ ಇಳಿದಾಗ ಆಮ್ಲವೂ ಕಮ್ಮಿ, ಬಿಡುಗಡೆಯೂ ನಿಧಾನ. 2013ರಲ್ಲಿ ಅಮೆರಿಕದ ತಂಡವೊಂದು ಇಂಥ ಕಣಗಳ ಜಾಲವನ್ನು ಇಲಿಗಳಿಗೆ ಒಮ್ಮೆ ಚುಚ್ಚಿ, 10 ದಿನದವರೆಗೆ ಶುಗರ್ ಹಿಡಿತದಲ್ಲಿಟ್ಟಿತು.

ಇಲಿಯಿಂದ ಮನುಷ್ಯನಿಗೆ ಬರಲು ಅಡ್ಡಿ ಏನು? ಒಂದು, ವೇಗ. ಊಟ ಮಾಡಿದ ಕೆಲವೇ ನಿಮಿಷದಲ್ಲಿ ಬಾಗಿಲು ತೆರೆಯಬೇಕು, ಶುಗರ್ ಇಳಿದ ಕೂಡಲೇ ಮುಚ್ಚಬೇಕು. ಮುಚ್ಚುವುದು ಅರ್ಧ ಗಂಟೆ ತಡವಾದರೂ ಲೋ ಶುಗರ್. ಇನ್ನೊಂದು, ಅಷ್ಟು ದಿನದ ಇನ್ಸುಲಿನ್ ಒಂದೇ ಕಡೆ ಕೂತಿರುತ್ತದೆ. ಜಾಲ ಒಮ್ಮೆಲೇ ಒಡೆದರೆ ಏನು ಗತಿ? ಈ ಎರಡಕ್ಕೂ ಗಟ್ಟಿ ಉತ್ತರ ಸಿಗುವವರೆಗೆ ಯಾವ ಸರ್ಕಾರವೂ ಒಪ್ಪಿಗೆ ಕೊಡುವುದಿಲ್ಲ, ಕೊಡಬಾರದು ಕೂಡ.

ಟೈಪ್ 1 ಮಕ್ಕಳಿಗಾಗಿ ಬೇರೊಂದು ದಾರಿಯೂ ಇದೆ. ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತದೆ. ನ್ಯಾನೋ ಕಣಗಳಿಂದ ಆ ದಾಳಿಯನ್ನು ತಣ್ಣಗಾಗಿಸುವ ಪ್ರಯತ್ನವನ್ನು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ತೋರಿಸಿದ್ದಾರೆ. ಇದು ಇನ್ನೂ ಮೊದಲ ಮೆಟ್ಟಿಲು.

ನೇರಳೆ ಎಲೆ, ಮಧುನಾಶಿನಿ ಮತ್ತು ಮೈಸೂರಿನ ಲ್ಯಾಬ್‌ಗಳು

ನಮ್ಮೂರಿನ ಹೆಸರಿರುವ ಸುದ್ದಿಗಳು ಸಾಮಾನ್ಯವಾಗಿ ಈ ಮೇಲಿನ ಯಾವ ಗುಂಪಿಗೂ ಸೇರುವುದಿಲ್ಲ. ಮೈಸೂರಿನಲ್ಲಿ ವಿಶ್ವವಿದ್ಯಾಲಯ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಫಾರ್ಮಸಿ ಮತ್ತು ವೈದ್ಯ ಕಾಲೇಜುಗಳು ಒಂದೇ ಊರಲ್ಲಿವೆ. ಗಿಡಮೂಲಿಕೆಯ ಜ್ಞಾನವೂ ಇಲ್ಲಿ ಹಳೆಯದು. ಹಾಗಾಗಿ ಗಿಡದ ರಸದಿಂದ ಲೋಹದ ನ್ಯಾನೋ ಕಣ ಮಾಡುವ ಕೆಲಸ ಇಲ್ಲಿನ ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಎಟುಕುತ್ತದೆ. ದೇಶದ ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯುತ್ತಿರುವ ಕೆಲಸವೇ ಇದು.

ವಿಧಾನ ನೋಡಲು ಚೆಂದ. ಎಲೆ ತೊಳೆದು, ಕುದಿಸಿ, ಸೋಸಿ ರಸ ತೆಗೆಯುತ್ತಾರೆ. ಬೆಳ್ಳಿಯ ನೈಟ್ರೇಟ್ ಕರಗಿಸಿದ ತಿಳಿನೀರಿಗೆ ಆ ರಸ ಬೆರೆಸಿ ಬಿಡುತ್ತಾರೆ. ತೆಳು ಹಳದಿ ಇದ್ದ ದ್ರವ ನಿಧಾನವಾಗಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬದಲಾಯಿತೆಂದರೆ ಬೆಳ್ಳಿಯ ಕಣ ಹುಟ್ಟಿತು ಎಂದು ಅರ್ಥ. ಚಿನ್ನದ ಲವಣವಾದರೆ ದ್ರವ ದ್ರಾಕ್ಷಿ ಕೆಂಪಾಗುತ್ತದೆ. ನೇರಳೆ, ಮಧುನಾಶಿನಿ, ಅಮೃತಬಳ್ಳಿ, ಹಾಗಲ, ಎಲ್ಲದರಲ್ಲೂ ಇಂಥ ಪ್ರಯೋಗ ಆಗಿವೆ.

ಆಮೇಲೆ ಪರೀಕ್ಷೆ. ಪಿಷ್ಟವನ್ನು ಸಕ್ಕರೆ ಮಾಡುವ ಅಮೈಲೇಸ್, ಗ್ಲುಕೊಸಿಡೇಸ್ ಕಿಣ್ವಗಳನ್ನು ಈ ಕಣ ಎಷ್ಟು ತಡೆಯುತ್ತದೆ ಎಂದು ಗಾಜಿನ ಕೊಳವೆಯಲ್ಲಿ ಅಳೆಯುತ್ತಾರೆ. ಮುಂದುವರಿದರೆ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಕೊಟ್ಟು ಶುಗರ್ ಬರಿಸಿದ ಇಲಿಗಳ ಮೇಲೆ ನೋಡುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಆ ರಾಸಾಯನಿಕ ಇನ್ಸುಲಿನ್ ಮಾಡುವ ಕೋಶಗಳನ್ನೇ ನಾಶ ಮಾಡುತ್ತದೆ. ಹಾಗೆ ಬಂದ ಕಾಯಿಲೆ ಹೆಚ್ಚಾಗಿ ಟೈಪ್ 1ನ್ನು ಹೋಲುತ್ತದೆ. ನಮ್ಮಲ್ಲಿ ಬಹುತೇಕರಿಗೆ ಇರುವುದು ಟೈಪ್ 2, ಅಂದರೆ ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಓಗೊಡದ ಕಾಯಿಲೆ. ಅಂಥ ಇಲಿಯಲ್ಲಿ ಶುಗರ್ ಇಳಿದದ್ದು ನಮ್ಮ ಮನೆಯ ಹಿರಿಯರಲ್ಲೂ ಇಳಿಯುತ್ತದೆ ಎನ್ನಲು ಆಧಾರವಾಗುವುದಿಲ್ಲ.

ಈ ಕೆಲಸದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಇದನ್ನು ಬೆಂಬಲಿಸುವವರು ಹೇಳುವುದು: ಖರ್ಚು ಕಡಿಮೆ, ವಿಷಕಾರಿ ರಾಸಾಯನಿಕ ಬೇಕಿಲ್ಲ, ನಮ್ಮ ಗಿಡಗಳ ಗುಣ ವಿಜ್ಞಾನದ ಭಾಷೆಯಲ್ಲಿ ದಾಖಲಾಗುತ್ತದೆ. ಟೀಕಿಸುವವರು ಹೇಳುವುದು: ಎಲೆ ಕಿತ್ತ ಕಾಲ, ಮಣ್ಣು, ಕುದಿಸಿದ ಹೊತ್ತು ಬದಲಾದರೆ ಕಣದ ಗಾತ್ರವೂ ಬದಲಾಗುತ್ತದೆ. ಪ್ರತಿ ಸಲ ಒಂದೇ ಥರ ಬಾರದ್ದನ್ನು ಔಷಧ ಎನ್ನಲಾಗದು. ಮೇಲಾಗಿ, ಕೆಲಸ ಮಾಡಿದ್ದು ಬೆಳ್ಳಿಯೋ, ಅದರ ಮೇಲೆ ಅಂಟಿಕೊಂಡ ಗಿಡದ ಅಂಶವೋ ಎಂದು ಬಿಡಿಸಿ ನೋಡುವುದು ಕಮ್ಮಿ.

ಎರಡನೆಯವರ ಮಾತೇ ಹೆಚ್ಚು ತೂಕದ್ದು ಎನಿಸುತ್ತದೆ. ಹಾಗೆಂದು ಆ ವಿದ್ಯಾರ್ಥಿಗಳ ದುಡಿಮೆ ವ್ಯರ್ಥ ಎಂದಲ್ಲ. ಕಣ ತಯಾರಿಸಿ, ಅಳೆದು, ಗುಣ ನೋಡುವ ಕೈಚಳಕ ಬೆಳೆಯುವುದು ಹೀಗೇ. ತಪ್ಪಾಗುವುದು ಗಾಜಿನ ಕೊಳವೆಯ ಫಲಿತಾಂಶಕ್ಕೆ ‘ಮಧುಮೇಹಕ್ಕೆ ಮದ್ದು ಸಿಕ್ಕಿತು’ ಎಂದು ತಲೆಬರಹ ಕೊಟ್ಟಾಗ.

ಮೂವತ್ತು ವರ್ಷ ದಿನಾ ತಗೊಂಡರೆ?

ಲಸಿಕೆಯ ನ್ಯಾನೋ ಕಣ ಮೈಗೆ ಹೋಗುವುದು ಎರಡು ಮೂರು ಸಲ. ಬ್ಲ್ಯಾಕ್ ಫಂಗಸ್ ಇಂಜೆಕ್ಷನ್ ಕೆಲವು ವಾರ. ಶುಗರ್ ಹಾಗಲ್ಲ. ನಲವತ್ತಕ್ಕೆ ಬಂದರೆ ಎಪ್ಪತ್ತರವರೆಗೂ ದಿನಾ ಔಷಧ. ದಿನಕ್ಕೆ ಎರಡರಂತೆ ಹಿಡಿದರೂ 30 ವರ್ಷಕ್ಕೆ ಸುಮಾರು 22 ಸಾವಿರ ಡೋಸ್. ಗಾಡಿಯ ಒಂದು ಚೂರು ಪ್ರತಿ ಸಲ ಒಳಗೇ ಉಳಿದರೆ ಕೊನೆಗೆ ಎಷ್ಟಾಗುತ್ತದೆ?

ರಕ್ತ ಸೇರಿದ ನ್ಯಾನೋ ಕಣಗಳು ಹೆಚ್ಚಾಗಿ ಸೇರಿಕೊಳ್ಳುವುದು ಲಿವರ್ ಮತ್ತು ಗುಲ್ಮದಲ್ಲಿ. ಕೊಬ್ಬಿನ ಕಣ ಅಥವಾ ಮೈಯಲ್ಲೇ ಕರಗುವ ಪಾಲಿಮರ್ ಆದರೆ ದೇಹ ಒಡೆದು ಹೊರಹಾಕುತ್ತದೆ. ಬೆಳ್ಳಿಯಂಥ ಲೋಹ ಹಾಗೆ ಹೋಗುವುದಿಲ್ಲ. ವರ್ಷಗಟ್ಟಲೆ ಬೆಳ್ಳಿ ಮೈಸೇರಿದರೆ ಚರ್ಮ ನೀಲಿ ಬೂದಿ ಬಣ್ಣಕ್ಕೆ ತಿರುಗುವುದು ವೈದ್ಯಲೋಕಕ್ಕೆ ಬಹಳ ಹಿಂದಿನಿಂದ ಗೊತ್ತಿದೆ. ಕರುಳಿನ ಬಿಗಿ ಸಂದನ್ನು ದಿನಾ ಸಡಿಲಿಸಿದರೆ ಇನ್ಸುಲಿನ್ ಜೊತೆ ಬೇಡದ್ದೂ ಒಳನುಗ್ಗಬಹುದು ಎಂಬ ಆತಂಕ ಇನ್ನೊಂದು. ಶುಗರ್ ಇದ್ದವರಲ್ಲಿ ಎಷ್ಟೋ ಮಂದಿಗೆ ಕಿಡ್ನಿ ಮೊದಲೇ ಸೋತಿರುತ್ತದೆ. ಆರೋಗ್ಯವಂತರಿಗೆ ತೊಂದರೆ ಕೊಡದ್ದು ಇವರಿಗೆ ಕೊಡಬಹುದು.

ಕಾನೂನು ಇದನ್ನು ಗಮನಿಸಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮದಲ್ಲಿ, ಹಳೆಯ ಔಷಧವನ್ನೇ ಹೊಸ ಸಾಗಣೆ ವಿಧಾನದಲ್ಲಿ ಕೊಟ್ಟರೂ ಅದು ‘ಹೊಸ ಔಷಧ’. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಪ್ರತ್ಯೇಕ ಮಾರ್ಗಸೂಚಿ ತಂದಿತು. ಅಂದರೆ ‘ಇನ್ಸುಲಿನ್‌ಗೆ ಒಪ್ಪಿಗೆ ಇದೆ, ಇದು ಬರೀ ನ್ಯಾನೋ ರೂಪ’ ಎಂದು ಯಾರೂ ಅಡ್ಡದಾರಿಯಲ್ಲಿ ಬರುವಂತಿಲ್ಲ. ‘ನ್ಯಾನೋ ಗಿಡಮೂಲಿಕೆ, ಶುಗರ್ ಪೂರ್ತಿ ವಾಸಿ’ ಎಂಬ ಜಾಹೀರಾತುಗಳಿಗಂತೂ 1954ರ ಮಾಂತ್ರಿಕ ಚಿಕಿತ್ಸೆ ಜಾಹೀರಾತು ತಡೆ ಕಾಯ್ದೆಯೇ ಇದೆ. ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹದ ಹೆಸರಿದೆ.

ಬೆಲೆ ಮತ್ತು ಫ್ರಿಜ್

ನ್ಯಾನೋ ಮಾತ್ರೆ ಬಂದರೂ ಮೊದಲ ವರ್ಷಗಳಲ್ಲಿ ಅಗ್ಗವಾಗಿ ಸಿಗುವುದು ಕಷ್ಟ. ಸೀಸೆಯ ಮಾಮೂಲಿ ಇನ್ಸುಲಿನ್ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಅದರ ಬೆಲೆಗೆ ಸರ್ಕಾರದ ಮಿತಿ ಇದೆ. ಹೊಸ ಮಾತ್ರೆಗೆ ಪೇಟೆಂಟ್ ಇರುತ್ತದೆ. ಪೇಟೆಂಟ್ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಸಾಕ್ಷಿ. ಮಾತ್ರೆಗೆ 60 ರೂಪಾಯಿ ಆಸುಪಾಸು ಇದ್ದದ್ದು, 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳಿಂದ ಹತ್ತು ರೂಪಾಯಿಯೊಳಗೂ ಸಿಗತೊಡಗಿತು. ಜೇಬಿನ ಮಟ್ಟಿಗೆ ಆ ಒಂದು ತಾರೀಖು ಎಷ್ಟೋ ನ್ಯಾನೋ ಸುದ್ದಿಗಳಿಗಿಂತ ದೊಡ್ಡ ಸುದ್ದಿ.

ಆದರೂ ಈ ಸಂಶೋಧನೆ ಬೇಕೇ ಬೇಕು. ಇನ್ಸುಲಿನ್ ಸಂಗ್ರಹ 2ರಿಂದ 8 ಡಿಗ್ರಿಯಲ್ಲಿ ಆಗಬೇಕು. ಫ್ರಿಜ್ ಇಲ್ಲದ ಮನೆಗಳಲ್ಲಿ, ಏಪ್ರಿಲ್ ಬಿಸಿಲಲ್ಲಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿ ಸೀಸೆ ಇಟ್ಟು ಕಾಪಾಡಿಕೊಳ್ಳುವವರಿದ್ದಾರೆ. ಸಿರಿಂಜಿನ ಗೊಂದಲ ಬೇರೆ. ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗೆ ಕೆಂಪು ಕ್ಯಾಪಿನದು, 100 ಯೂನಿಟ್ಟಿಗೆ ಕಿತ್ತಳೆ ಕ್ಯಾಪಿನದು. ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಹೆಚ್ಚು ಕಡಿಮೆ. ಕಣ್ಣು ಮಂಜಾದ ಒಬ್ಬಂಟಿ ಹಿರಿಯರಿಗೆ ಇದು ದಿನನಿತ್ಯದ ಅಪಾಯ. ಸೂಜಿಗೆ ಹೆದರಿ ಇನ್ಸುಲಿನ್ ಶುರುಮಾಡುವುದನ್ನೇ ಮುಂದೂಡುತ್ತಾ, ಅಷ್ಟರಲ್ಲಿ ಕಣ್ಣು, ಕಾಲು ಕಳೆದುಕೊಂಡವರಿಗೆ ಲೆಕ್ಕವಿಲ್ಲ. ಫ್ರಿಜ್ ಬೇಡದ, ನುಂಗಿದರೆ ಸಾಕೆನ್ನುವ ಇನ್ಸುಲಿನ್ ಬಂದರೆ ಬದಲಾಗುವುದು ಇಂಥವರ ಬದುಕು.

ಅದು ಬರುವವರೆಗೆ ಈಗಿನ ಇನ್ಸುಲಿನ್ ನಿಲ್ಲಿಸುವ ಮಾತೇ ಬೇಡ. ಟೈಪ್ 1 ಇರುವವರು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲಮಯವಾಗಿ ಜೀವಕ್ಕೇ ಕುತ್ತು ಬರುತ್ತದೆ.

ಮುಂದಿನ ಸಲ ‘ಸೂಜಿಗೆ ವಿದಾಯ’ ಎಂಬ ಸುದ್ದಿ ಬಂದಾಗ ಮೊದಲು ನೋಡಬೇಕಾದ್ದು, ಪ್ರಯೋಗ ನಡೆದದ್ದು ಕೊಳವೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂದು. ಮನುಷ್ಯರಲ್ಲಿ ಎಂದಾದರೆ, ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಮೊದಲೇ ನೋಂದಣಿ ಆಗಬೇಕೆಂಬ ಕಡ್ಡಾಯ 2009ರಿಂದ ಇದೆ. ಯಾವ ಹಂತ, ಎಷ್ಟು ಜನ, ಯಾವ ಊರಿನ ಯಾವ ಆಸ್ಪತ್ರೆ, ಎಲ್ಲವೂ ಅಲ್ಲಿರುತ್ತದೆ. ಮೊಬೈಲಿನಲ್ಲೇ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಅಜ್ಜಿಯ ಪ್ರಶ್ನೆಗೆ ಮೊಮ್ಮಗ ಅಲ್ಲಿ ನೋಡಿ ಉತ್ತರ ಹೇಳಬಹುದು.